ಒಬ್ಬಳೇ ಬರ್ತೀನಿ ಮಿಸ್

ಆಟಿಸಂ ಇರುವ ಮಕ್ಕಳಿಗೆ ಪಾಠ ಹೇಳುವವಳು ಅಂದರೆ ತಾಳ್ಮೆಯ ಮೂರ್ತಿ, ಧೈರ್ಯವಂತೆ ಅಂತ ಜನ ಅಂದುಕೊಂಡಿದ್ದಾರೆ. ನಾನೋ, ಹಲ್ಲಿ ಲೊಚಗುಟ್ಟಿದರೂ ಬೆಚ್ಚುವವಳು. ಅದಕ್ಕೇ ಏನೋ, ಶಿವಮೊಗ್ಗದ ಹೊಸಮನೆಯ ನಮ್ಮ ಕೇಂದ್ರದಲ್ಲಿ ಎದೆ ಧಸಕ್ಕೆನ್ನಿಸುವ ಪ್ರಸಂಗಗಳೆಲ್ಲ ನನ್ನ ಪಾಲಿಗೇ ಬರುತ್ತವೆ.

ಯಾರ ಗುರಿ?

ಭದ್ರಾವತಿಯಿಂದ ಹದಿನೇಳರ ಹುಡುಗಿಯೊಬ್ಬಳು ದಿನಾ ತಾಯಿಯ ಜೊತೆ ಬರುತ್ತಿದ್ದಳು. ತಾಯಿಗೆ ಭದ್ರಾವತಿಯಲ್ಲೇ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಎರಡು ತಿಂಗಳಲ್ಲಿ ಸೇರಬೇಕಿತ್ತು. ಇನ್ನು ಕರೆತರುವವರಿಲ್ಲ, ಹುಡುಗಿ ಕೇಂದ್ರ ಬಿಡಬೇಕು ಎನ್ನುವ ಹೊತ್ತಿಗೆ ವರ್ಷದ ಗುರಿ ನಿಶ್ಚಯಿಸುವ ಸಭೆ ಬಂತು. ಗುರಿಯನ್ನು ಮಕ್ಕಳೇ ಆರಿಸಬೇಕು, ನಾವು ಅದನ್ನು ಸಣ್ಣ ಸಣ್ಣ ಹಂತ ಮಾಡಿಕೊಡಬೇಕು ಎಂದು ಸಭೆ ಸಭೆಯಲ್ಲೂ ಭಾಷಣ ಬಿಗಿಯುವವಳು ನಾನು.

"ನಿಂಗೇನು ಕಲೀಬೇಕು ಹೇಳಮ್ಮಾ" ಎಂದೆ.

"ಒಬ್ಬಳೇ ಬಸ್ಸಲ್ಲಿ ಬರ್ತೀನಿ ಮಿಸ್."

ಬರೆಯಲು ಹಿಡಿದಿದ್ದ ಪೆನ್ನಿನ ಮುಚ್ಚಳ ಹಾಕಿಬಿಟ್ಟೆ. ತಾಯಿ ಮುಖ ಬಿಳಿಚಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದರು. "ಮಿಸ್, ಬೇರೆ ಗುರಿ ಇಲ್ವಾ? ಲೆಕ್ಕ ಗಿಕ್ಕ ಯಾವ್ದಾದ್ರೂ?"

ಕತ್ತಿನ ಪರೀಕ್ಷೆ

ಹಂತಗಳು ಶುರುವಾದವು. ಹಾರ್ನ್ ಸದ್ದು ಅವಳಿಗೆ ಆಗದು, ಕಿವಿಗೆ ಹೆಡ್‌ಫೋನ್ ಬಂತು. ಕಂಡಕ್ಟರನಿಗೆ ಊರು ಹೇಳುವುದು ಕಲಿತಳು. ಆಮೇಲೆ ಅವಳು ಹಿಂದೆ, ತಾಯಿ ಮುಂದಿನ ಸೀಟಿನಲ್ಲಿ. ಇಬ್ಬರೂ ಶಿವಮೊಗ್ಗದವರೆಗೆ ಒಬ್ಬರನ್ನೊಬ್ಬರು ಮಾತಾಡಿಸುವಂತಿಲ್ಲ.

ಹುಡುಗಿ ಕಿಟಕಿಯಾಚೆ ನೋಡುತ್ತಾ ಹಾಯಾಗಿ ಬಂದಳು. ಅವಳ ಹಿಂದೆ ಬಂದ ತಾಯಿ ಕತ್ತನ್ನು ಒಂದು ಕಡೆ ವಾಲಿಸಿಕೊಂಡಿದ್ದರು, ಮುಲಾಮಿನ ವಾಸನೆ ಬೇರೆ.

"ಏನಾಯ್ತು?"

"ದಾರಿಯುದ್ದಕ್ಕೂ ತಿರುಗಿ ತಿರುಗಿ ನೋಡ್ದೆ ಮಿಸ್, ಉಳುಕಿಬಿಡ್ತು. ಅವಳು ಪಾಸು, ನನ್ನ ಕತ್ತು ಫೇಲು."

ಕೊನೆಯ ಸೀಟಿನ ಹೆಂಗಸು

ಅವಳು ಒಬ್ಬಳೇ ಬರುವ ದಿನ ಬಂತು. ಭದ್ರಾವತಿಯಲ್ಲಿ ತಾಯಿ ಹತ್ತಿಸುವುದು, ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ನಮ್ಮ ಆಯಾ ಇಳಿಸಿಕೊಳ್ಳುವುದು. ಕಂಡಕ್ಟರನಿಗೂ ವಿಷಯ ತಿಳಿಸಿದ್ದೆವು. ನಾನು ಕೇಂದ್ರದಲ್ಲೇ ಕಾಯಬೇಕಿತ್ತು.

ಆದರೆ ಹಿಂದಿನ ದಿನದಿಂದ ತಲೆಯಲ್ಲಿ ಅದೇ ಯೋಚನೆ. ನಡುವೆ ಎಲ್ಲಾದರೂ ಇಳಿದುಬಿಟ್ಟರೆ? ಯಾರಾದರೂ ಗದರಿ, ಅವಳು ಕಿರುಚಿಕೊಂಡರೆ? ಏನಾದರೂ ಆದರೆ ಆ ತಾಯಿಗೆ ಹೇಗೆ ಮುಖ ತೋರಿಸಲಿ? ತಡೆಯಲಾರದೆ ಭದ್ರಾವತಿಗೆ ಹೋಗಿ, ಮುಖಕ್ಕೆಲ್ಲ ವೇಲ್ ಸುತ್ತಿಕೊಂಡು, ಅದೇ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತೆ.

ಬಸ್ಸು ಊರು ದಾಟಿತು. ಹುಡುಗಿ ಒಮ್ಮೆ ಹಿಂದೆ ತಿರುಗಿ, ಕಂಡಕ್ಟರನಿಗೆ ಏನೋ ಹೇಳಿದಳು. ಅವನು ನೇರವಾಗಿ ನನ್ನ ಹತ್ತಿರ ಬಂದ.

"ಯಾರಮ್ಮಾ ನೀನು? ಆ ಹುಡುಗೀನ ಯಾಕೆ ಹಂಗೆ ನೋಡ್ತಿದೀಯಾ? ಮಕ್ಕಳ ಕಳ್ಳೀನಾ? ಮುಖದ ಬಟ್ಟೆ ತೆಗಿ!"

ಬಸ್ಸಿಗೆ ಬಸ್ಸೇ ನನ್ನತ್ತ ತಿರುಗಿತು. ಮಕ್ಕಳ ಕಳ್ಳಿಯೆಂದು ಎಲ್ಲಿ ನಾಲ್ಕು ಬಾರಿಸುತ್ತಾರೋ ಎಂದು ಹೆದರಿದೆ. ವೇಲ್ ತೆಗೆದೆ.

"ಕಳ್ಳಿ ಅಲ್ಲ, ನಮ್ಮ ಮಿಸ್" ಎಂದಳು ಹುಡುಗಿ. "ಚಪ್ಪಲಿ ನೋಡೇ ಗೊತ್ತಾಯ್ತು. ಇವರಿದ್ರೆ ನಾನು ಒಬ್ಬಳೇ ಬಂದಂಗಾಗಲ್ಲ. ಇಳಿಸಿ."

ಕಂಡಕ್ಟರ್ ಸೀಟಿ ಊದಿದ. ಮಾಚೇನಹಳ್ಳಿಯ ರಸ್ತೆಬದಿಯಲ್ಲಿ ಇಳಿದು ನಿಂತೆ. ಬಸ್ಸು ಕಣ್ಮರೆಯಾಗುವವರೆಗೂ ನೋಡಿದೆ. ಅಷ್ಟು ಹೆದರಿಕೆ ನನಗೆ ಜೀವಮಾನದಲ್ಲೇ ಆಗಿರಲಿಲ್ಲ. ಮುಂದಿನ ಬಸ್ಸಿನ ಸುಳಿವಿಲ್ಲ. ಕೊನೆಗೆ ಆಯಾಳ ಫೋನು ಬಂತು, ಆಚೆ ಹುಡುಗಿಯ ದನಿ.

"ಮಿಸ್, ನಾನು ಕ್ಲಾಸಲ್ಲಿದೀನಿ. ನೀವಿಲ್ಲ."

ಅಳು ಉಕ್ಕಿ ಬಂತು. "ಹೆದ್ರಿಕೆ ಆಯ್ತೇನಮ್ಮಾ?"

"ಹ್ಞೂಂ, ತುಂಬಾ. ಆದ್ರೂ ಬಂದೆ. ನಿಮಗೆ?"

"ನಂಗೂ."

"ಹಂಗಾದ್ರೆ ನಿಮಗೂ ಒಂದು ಗುರಿ ಇಡೋಣ ಮಿಸ್. ಮೊದಲು ಸಣ್ಣ ಹಂತ. ನಾಳೆ ಬೆಳಿಗ್ಗೆ ಭದ್ರಾವತಿಗೆ ಬರಬೇಡಿ."