ಎರಡು ತಿಂಗಳ ಸಾವಕಾಶ ಕೋರಿ ಕಪ್ಪುಕುಳಿಯವರಿಗೆ

ಕುದೇರು
12 ಜೂನ್ 1996

ಮಾನ್ಯರೇ,

ಆಕಾಶಗಂಗೆಯ ನಡುಮನೆಯಲ್ಲಿ ಬಿಜಯಂಗೈದಿರುವಿರೆಂದು ವಿಜ್ಞಾನಿಗಳು ಶಂಕಿಸಿರುವ ತಮ್ಮ ಘನ ಸನ್ನಿಧಾನಕ್ಕೆ, ಹೈಸ್ಕೂಲು ವಿಜ್ಞಾನದ ಮೇಷ್ಟ್ರು ಮಾದೇಶನ ನಮಸ್ಕಾರಗಳು. ಲಕ್ಷಾಂತರ ಸೂರ್ಯರ ತೂಕವನ್ನು ಒಂದೆಡೆ ಒತ್ತಿಕೊಂಡು ಕೂತು, ಸುತ್ತಲಿನ ಜಾಗವನ್ನೆಲ್ಲ ಹಗ್ಗದ ಮಂಚದಂತೆ ಜಗ್ಗಿಸಿ, ಒಳಬಂದ ಬೆಳಕನ್ನೂ ಹೊರಗೆ ಬಿಡದೆ, ಕಾಲಕ್ಕೇ ಮೂಗುದಾರ ಹಾಕಿದ ತಮ್ಮಂಥವರು ನಮ್ಮ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಗುಂಡ್ಲುಪೇಟೆ ಬಸ್ಸಿಗೆ ಕಾಯುವವರಿಗೂ ಕಾಲ ಇಷ್ಟು ನಿಧಾನವಾದದ್ದಿಲ್ಲ.

ತೊಂದರೆ ಶುರುವಾದದ್ದು ನನ್ನ ಬಾಯಿಂದಲೇ. ನಮ್ಮಮ್ಮ ದೊಡ್ಡಮಾದಮ್ಮನಿಗೆ ಹೆಚ್ಚೆಂದರೆ ಮೂರು ತಿಂಗಳು ಎಂದು ಡಾಕ್ಟರು ಹೇಳಿದ್ದಾರೆ. ಹಂಗಳಕ್ಕೆ ಕೊಟ್ಟಿರುವ ನನ್ನ ಮಗಳು ಭಾನುವಿನ ಹೆರಿಗೆಗೆ ಇನ್ನೂ ಐದು ತಿಂಗಳಿದೆ. ಅರ್ಧ ಊರಿನ ಕೂಸುಗಳನ್ನು ಚಾಚಿದ ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆನೀರು ಹಾಕಿದ ಅಮ್ಮನಿಗೆ, ಈ ಮರಿಮಗುವಿಗೂ ನೀರು ಹಾಕಿಯೇ ಹೋಗುವ ಆಸೆ. ಅವಳನ್ನು ನಗಿಸಲೆಂದು, ತಮ್ಮ ಅಂಚಿನಲ್ಲಿ ಗಳಿಗೆ ಹೊತ್ತು ಕೂತು ಬಂದರೆ ಇಲ್ಲಿ ತಿಂಗಳುಗಳೇ ಕಳೆದಿರುತ್ತವೆ ಎಂದುಬಿಟ್ಟೆ. ಅಮ್ಮ ನಗಲಿಲ್ಲ. "ಒಳಕ್ಕೆ ಬ್ಯಾಡ ಕಣ್ಲಾ, ಜಗಲಿ ಮ್ಯಾಲೆ ಕೂರುಸ್ಬುಡು, ಎರಡು ತಿಂಗ್ಳು ಸಾಕು" ಎಂದು ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆದ್ದರಿಂದ ತಮ್ಮ ಅಂಚಿನ ಜಗಲಿಯಲ್ಲಿ ಒಬ್ಬ ಮುದುಕಿಗೆ ಬಿಸಿನೀರು, ಮೆತ್ತನೆಯ ಮುದ್ದೆಯ ಸಮೇತ ಜಾಗ ಮಾಡಿಕೊಡಬೇಕಾಗಿಯೂ, ಭಾನುವಿಗೆ ನೋವು ಬಂದ ಕೂಡಲೇ ವಾಪಸು ಕಳಿಸಬೇಕಾಗಿಯೂ ಅರ್ಜಿ ಬರೆದೆ. ಒಬ್ಬಳೇ ಹೋಗಬೇಕೆಂದು ತಿಳಿದದ್ದೇ ಅಮ್ಮ, "ಭಾನುನೂ ಕರ್ಕಂಡು ಎಲ್ರೂ ಓಗನ" ಎಂದಳು. ಎಲ್ಲರೂ ಹೋದರೆ ಎಲ್ಲರ ಗಡಿಯಾರವೂ ಒಂದೇ ಸಮ ನಿಧಾನ, ಅಲ್ಲಿಯೂ ಅವಳ ಮೂರು ತಿಂಗಳು ಮೂರೇ, ಭಾನುವಿನ ಐದು ಐದೇ ಎಂದು ನಾನು ಬಾಯಿಬಿಟ್ಟು ಹೇಳಬೇಕಾಯಿತು. ಬಿಟ್ಟುಹೋಗುವವರಿಗೆ ವರ್ಷಗಟ್ಟಲೆ ರಿಯಾಯಿತಿ, ಒಟ್ಟಿಗಿರುವವರಿಗೆ ಒಂದು ನಿಮಿಷವೂ ಇಲ್ಲ; ಇದು ಯಾವ ಊರಿನ ನ್ಯಾಯ ಸ್ವಾಮಿ? ನನಗೆ ತಮ್ಮ ಮೇಲೆ ನಿಜಕ್ಕೂ ಸಿಟ್ಟಿದೆ.

ಅಮ್ಮ ಅರ್ಜಿ ವಾಪಸು ಪಡೆದಿದ್ದಾಳೆ. ಅತ್ತೆಯಿದ್ದಾಳಲ್ಲ ಎಂದು ಕೂಸಿಗೆ ನೀರು ಹಾಕುವುದನ್ನು ಕಲಿಯದೇ ಉಳಿದ ನನ್ನ ಹೆಂಡತಿ ಪುಟ್ಟಸಿದ್ದಮ್ಮನನ್ನು ಬಚ್ಚಲಲ್ಲಿ ಕೂರಿಸಿ, ಕಾಲ ಮೇಲೊಂದು ದಿಂಬು ಮಲಗಿಸಿ, ಕತ್ತು ಹಿಡಿಯುವುದು ಹೇಗೆಂದು ದಿನವೂ ತೋರಿಸುತ್ತಿದ್ದಾಳೆ. ಮನೆಯಲ್ಲಿ ಒಣಗಿದ ದಿಂಬು ಒಂದೂ ಇಲ್ಲ.

ದೂರದಲ್ಲಿರುವ ಕಾರಣಕ್ಕೇ ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ಮಾದೇಶ

ತಾ.ಕ.: ತಮ್ಮ ಒಳಗೆ ಹೋದವರು ಯಾರೂ ಹಿಂದಿರುಗುವುದಿಲ್ಲ ಎಂದೂ ಹೇಳಿದೆ. "ಓಗ್ಬುಟ್ಟು ಬತ್ತೀನಿ" ಅನ್ನದೆ ಈವರೆಗೆ ಹೊಸಿಲು ದಾಟದ ಅಮ್ಮ, "ಬಂದೋರ್ನ ಕಳಿಸ್ಕೊಡಕ್ಕೂ ಬರ್ದೇ ಇರೋನು ಅದೆಂಥ ದೊಡ್ಡೋನ್ಲಾ?" ಎಂದು ಕೇಳಿದ್ದಾಳೆ. ಉತ್ತರವನ್ನು ನಮ್ಮ ಗಡಿಯಾರದ ಪ್ರಕಾರ ಬೇಗ ಕಳಿಸುವುದು. ಕೇಳಿದವಳಿಗೇ ಓದಿ ಹೇಳಬೇಕು.