ಮುಂಗಡ ವಂದನೆ

"ನನಗೆ ಮಾತು ಬರುತ್ತದೆ. ಬೇಕಾದ ಹೊತ್ತಿಗೆ ಬರುವುದಿಲ್ಲ, ಅಷ್ಟೆ."

ಶನಿವಾರ ಬೆಳಿಗ್ಗೆ ಆರು ಗಂಟೆಗೆ ಪ್ರಜ್ಞ ಡೈರಿಯಲ್ಲಿ ಇಷ್ಟು ಬರೆದು, ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತಳು. ಮಾತು ಬೇಕಾದ ಹೊತ್ತು ಇವತ್ತೇ ಹನ್ನೊಂದು ಗಂಟೆಗಿತ್ತು. ಕುಲಪತಿಗಳು ಬರುವವರಿದ್ದರು. ಅವರೆದುರು ನಿಂತು ಎರಡೇ ಎರಡು ವಾಕ್ಯ ಹೇಳಬೇಕಿತ್ತು: "ಸಾರ್, ನಮ್ಮ ಸಂಜೆ ಬಸ್ಸು ನಿಂತು ಮೂರು ತಿಂಗಳಾಯಿತು. ದಯವಿಟ್ಟು ಮತ್ತೆ ಬಿಡಿಸಿಕೊಡಿ." ಇದನ್ನವಳು ಡೈರಿಯಲ್ಲಿ ನಲವತ್ತು ಸಲ ಹೇಳಿದ್ದಳು. ಡೈರಿ ಒಂದು ಸಲವೂ ಎದುರು ಮಾತಾಡಿರಲಿಲ್ಲ.

ಆ ಸ್ನಾತಕೋತ್ತರ ಕೇಂದ್ರ ಇದ್ದದ್ದು ಕೆ.ಆರ್. ಪೇಟೆಯಿಂದ ಒಂಬತ್ತು ಕಿಲೋಮೀಟರು ಆಚೆ, ಊರೂ ಅಲ್ಲದ ಕಾಡೂ ಅಲ್ಲದ ಒಂದು ಬಯಲಲ್ಲಿ. ಸಂಜೆ ಐದೂವರೆಗೆ ವಿಶ್ವವಿದ್ಯಾನಿಲಯದ ಬಸ್ಸೊಂದು ಹುಡುಗಿಯರನ್ನು ಊರೂರಿಗೆ ಇಳಿಸಿ ಬರುತ್ತಿತ್ತು. ರಿಪೇರಿಗೆ ಹೋದ ಬಸ್ಸು, ತವರಿಗೆ ಮುನಿಸಿಕೊಂಡು ಹೋದ ಸೊಸೆಯ ಹಾಗೆ, ತಿರುಗಿ ಬರಲೇ ಇಲ್ಲ. ಉಳಿದದ್ದು ಮೂರು ಗಂಟೆಯ ಪ್ರೈವೇಟ್ ಬಸ್ಸು. ಅದನ್ನು ಹತ್ತಿದರೆ ಕೊನೆಯ ಎರಡು ಕ್ಲಾಸಿನ ಹಾಜರಿ ಹೋಯಿತು. ಹಾಜರಿ ಕಡಿಮೆಯಾದರೆ ಪರೀಕ್ಷೆ ಇಲ್ಲ.

ಪ್ರಜ್ಞಳಿಗೆ ಬಸ್ಸಿನ ಅಗತ್ಯವೇ ಇರಲಿಲ್ಲ. ಶ್ರೀರಂಗಪಟ್ಟಣದ ಮೇಷ್ಟರ ಮಗಳು. ಕೇಂದ್ರದ ಗೇಟಿನೆದುರೇ ಪುಟ್ಟತಾಯಮ್ಮನ ಮನೆಯಲ್ಲಿ ರೂಮು ಮಾಡಿಕೊಂಡಿದ್ದಳು. ಬಸ್ಸು ಬೇಕಿದ್ದದ್ದು ಅವಳ ಗೆಳತಿ ಅರ್ಪಿತಳಿಗೆ. ಗಣಿತದ ಎಂ.ಎಸ್ಸಿ.ಯಲ್ಲಿ ಇಡೀ ಕೇಂದ್ರಕ್ಕೇ ಮೊದಲನೆಯವಳು. ಅವಳ ಅಪ್ಪ ದ್ಯಾವಯ್ಯ ಸಂಜೆ ಹಾಲು ಕರೆದು ಸೊಸೈಟಿಗೆ ಹಾಕುವ ಹೊತ್ತಿಗೆ ಮಗಳನ್ನು ಕರೆತರಲು ಬರುವುದು ಆಗದ ಮಾತು. ಹೋದ ವಾರವೇ ಹೇಳಿಬಿಟ್ಟಿದ್ದ: "ಶನಿವಾರ ಯಾರೋ ದೊಡ್ಡೋರು ಬತ್ತಾರಂತಲ್ಲ. ಬಸ್ಸು ಬುಟ್ರೆ ಸರಿ. ಇಲ್ಲಾಂದ್ರೆ ಸೋಮವಾರದಿಂದ ಮನೇಲಿರವ್ವ. ಕತ್ಲಲ್ಲಿ ನೀನು ನಡ್ಕಂಡ್ ಬರೋದು ಬ್ಯಾಡ, ನಾನು ಇಲ್ಲಿ ಕೂತು ಸಾಯೋದು ಬ್ಯಾಡ."

ಹಾಗಾದರೆ ಮಾತೇ ಆಡದ ಪ್ರಜ್ಞ ಇವರೆಲ್ಲರ ಪ್ರತಿನಿಧಿಯಾದದ್ದು ಹೇಗೆ? ಮಾತಾಡದೆಯೇ ಆದಳು. ಚುನಾವಣೆಯ ದಿನ ನಾಗಮಂಗಲದ ದಿಲೀಪ್ ನಿಂತರೆ ಪೇಟೆಯ ಕುಮಾರ್ ಒಪ್ಪಲಿಲ್ಲ, ಕುಮಾರ್ ನಿಂತರೆ ದಿಲೀಪ್ ಒಪ್ಪಲಿಲ್ಲ. "ಯಾರ ತಂಟೆಗೂ ಹೋಗದೋರು ಒಬ್ಬರು ಇಲ್ವೇನ್ರಪ್ಪಾ?" ಎಂದರು ಇತಿಹಾಸದ ರಘುನಂದನ್ ಸಾರ್. ನೂರಿಪ್ಪತ್ತು ತಲೆಗಳು ಕಿಟಕಿಯ ಪಕ್ಕದ ಬೆಂಚಿನ ಕಡೆ ತಿರುಗಿದವು. ಪ್ರಜ್ಞ "ಬೇಡ ಸಾರ್" ಎನ್ನಲು ಬಾಯಿ ತೆರೆದಳು. ಮಾತು ಹೊರಗೆ ಬರುವಷ್ಟರಲ್ಲಿ ಚಪ್ಪಾಳೆ ಹೊಡೆದು, ಅವಿರೋಧ ಆಯ್ಕೆ ಎಂದು ಬರೆದು, ಎಲ್ಲರೂ ಟೀ ಕುಡಿಯಲು ಹೋಗಿಯಾಗಿತ್ತು.

"ಏನ್ ಮಗಾ, ಗ್ವಾಡೆ ಜೊತೆ ಮಾತಾಡ್ತಾ ಇದ್ದೀಯಾ?" ಪುಟ್ಟತಾಯಮ್ಮ ಲೋಟ ಹಿಡಿದು ಒಳಗೆ ಬಂದಳು. "ಕುಡಿ ಇದ್ನ. ಮೆಣಸು, ಸುಂಟಿ, ಬೆಲ್ಲ. ಗಂಟ್ಲು ಗಂಟೆ ಆಯ್ತದೆ."

"ಬೇಡ ಅಮ್ಮ..."

"ಬ್ಯಾಡ ಅಂತ ಇಷ್ಟು ಮೆಲ್ಲುಕೆ ಅಂದ್ರೆ ಯಾರ್ಗೆ ಕೇಳ್ಸುತ್ತೆ? ಕುಡಿ. ನಾನು ಹಾಲಿನ ಸೊಸೈಟಿ ಸೆಕ್ರೆಟ್ರಿನ ನಡು ರಸ್ತೇಲಿ ನಿಲ್ಸಿ ಉಗ್ದಿದ್ದೆ ಗೊತ್ತಾ? ಇದೇ ಕುಡ್ದು ಹೋಗಿದ್ದೆ."

ಕುಡಿದಳು. ಗಂಟಲು ಗಂಟೆಯಾಗಲಿಲ್ಲ, ಆಲೆಮನೆಯ ಕೊಪ್ಪರಿಗೆಯಾಯಿತು. ಕಣ್ಣೀರು ಒರೆಸಿಕೊಂಡು ಗೇಟು ದಾಟಿದರೆ, ಅಲ್ಲಿ ಫ್ಲೆಕ್ಸಿನ ಕೆಳಗೆ ದಿಲೀಪನೂ ಕುಮಾರನೂ ಕೈ ಕೈ ಮಿಲಾಯಿಸುವ ಹಂತದಲ್ಲಿದ್ದರು. ಫ್ಲೆಕ್ಸಿನಲ್ಲಿ ಕುಲಪತಿಗಳ ಮುಖ ಅನ್ನದ ತಪ್ಪಲೆಯಷ್ಟು, ದಿಲೀಪನದು ಸಾರಿನ ಪಾತ್ರೆಯಷ್ಟು. ಪ್ರಜ್ಞಳದು ಮೂಲೆಯಲ್ಲಿ, ಆಧಾರ್ ಕಾರ್ಡಿನಿಂದ ತೆಗೆದದ್ದು, ಸಾಸಿವೆ ಡಬ್ಬಿಯಷ್ಟು.

"ಲೇ, ನನ್ ಫೋಟೋ ಎಲ್ಲೋ?" ಕುಮಾರ್ ಅಂದ.

"ನಿಂದು ಮೆಮೊರಿ ಫುಲ್ ಆಯ್ತು ಕಣ್ಲಾ, ಹಿಡೀಲಿಲ್ಲ."

"ಅಂಗಾದ್ರೆ ಮನವಿ ಕೊಡೋವಾಗ ಪ್ರಜ್ಞಕ್ಕನ ಬಲಗಡೆ ನಾನು ನಿಂತ್ಕತೀನಿ. ಪೇಪರ್‌ನೋರು ಎಡಗಡೆ ಕಟ್ ಮಾಡ್ತಾರೆ."

"ಅಕ್ಕಾ, ನೀನೇ ಹೇಳಕ್ಕ, ಬಲಗಡೆ ಯಾರು?" ಎಂದ ದಿಲೀಪ್.

ಇಬ್ಬರೂ ಅವಳಿಗಿಂತ ದೊಡ್ಡವರು; ಪ್ರತಿನಿಧಿಯಾದ ಮೇಲೆ ಅಕ್ಕ ಎನ್ನಲು ಶುರುಮಾಡಿದ್ದರು. ಪ್ರಜ್ಞ ಇಬ್ಬರಿಗೂ ತಲೆಯಾಡಿಸಿದಳು. ಇಬ್ಬರೂ ಗೆದ್ದೆವೆಂದು ಹೋದರು.

ಸಭಾಂಗಣದ ಬಾಗಿಲಲ್ಲಿ ರಘುನಂದನ್ ಸಾರ್ ಬೆವರುತ್ತ ನಿಂತಿದ್ದರು. "ಪ್ರಜ್ಞ, ಬಾಮ್ಮ. ವಂದನಾರ್ಪಣೆ ಮಾಡಬೇಕಿದ್ದ ಸುಶಮೀಂದ್ರನಿಗೆ ಹೊಟ್ಟೆ ಕೆಟ್ಟಿದೆಯಂತೆ. ನೀನೇ ಮಾಡ್ಬಿಡು. ನಾನೇ ಬರೆದಿಟ್ಟಿದೀನಿ, ಓದಿದ್ರೆ ಸಾಕು."

ಪ್ರಜ್ಞ ಹಾಳೆಯ ಮೇಲೆ ಕಣ್ಣಾಡಿಸಿದಳು. ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು. "ಸಾರ್... ಬಸ್ಸು ಮಂಜೂರು ಮಾಡಿದ್ದಕ್ಕೆ ವಂದನೆ ಅಂತ ಇದೆ. ಇನ್ನೂ ಮಾಡಿಲ್ವಲ್ಲ?"

"ಅದೇ ಗುಟ್ಟು! ದೊಡ್ಡೋರಿಗೆ ಮುಂಗಡವಾಗಿ ಥ್ಯಾಂಕ್ಸ್ ಹೇಳ್ಬಿಟ್ರೆ ಆಮೇಲೆ ಇಲ್ಲ ಅನ್ನೋಕೆ ಮನಸ್ಸು ಬರಲ್ಲ. ಮೊದಲು ನೀನು ಎರಡು ಮಾತಲ್ಲಿ ಕೇಳು, ಅವರು ಆಯ್ತು ಅಂತಾರೆ, ಕೊನೇಲಿ ಇದನ್ನ ಓದು. ಬೀಗ ಜಡಿದ ಹಾಗೆ."

ಕೇಳಿದರೆ ಸರಿಯೆನ್ನಿಸಿತು. ಎಲ್ಲರ ಮಾತೂ ಅವಳಿಗೆ ಹಾಗೇ ಅನ್ನಿಸುತ್ತಿತ್ತು.

ಹನ್ನೊಂದಕ್ಕೆ ಬರಬೇಕಾದ ಕುಲಪತಿಗಳು ಒಂದೂವರೆಗೆ ಬಂದರು. ಪೂರ್ಣಕುಂಭ ಹೊತ್ತ ಹುಡುಗಿಯರ ಕೈ ಅಷ್ಟೊತ್ತಿಗೆ ನಡುಗುತ್ತಿತ್ತು. ಕುಂಭದ ನೀರು ಯಾರೋ ಬಾಯಾರಿ ಕುಡಿದು ಅರ್ಧವಾಗಿತ್ತು. ಪ್ರಾರ್ಥನೆ, ಸ್ವಾಗತ, ದೀಪ, ಗಾಳಿಗೆ ಆರಿದ ದೀಪ, ಮತ್ತೆ ದೀಪ, ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಪ್ರಜ್ಞ ವೇದಿಕೆಯ ಮೆಟ್ಟಿಲ ಬಳಿ ನಿಂತು ತುಟಿಯಲ್ಲೇ ತನ್ನ ಎರಡು ವಾಕ್ಯ ತಿರುವುತ್ತಿದ್ದಳು. ಮೂರನೆಯ ಸಾಲಿನಲ್ಲಿ ಕೂತ ಅರ್ಪಿತ ಎರಡೂ ಕೈ ಬೆರಳು ಹೆಣೆದುಕೊಂಡು ಅವಳನ್ನೇ ನೋಡುತ್ತಿದ್ದಳು.

"ಈಗ ವಿದ್ಯಾರ್ಥಿಗಳಿಂದ ಮನವಿ ಸಲ್ಲಿಕೆ!"

ಪ್ರಜ್ಞ ಹತ್ತಿದಳು. ಬಲಗಡೆಯಿಂದ ದಿಲೀಪ್ ನುಗ್ಗಿದ. ಬಲಗಡೆಯಿಂದಲೇ ಕುಮಾರನೂ ನುಗ್ಗಿದ. ಪ್ರಜ್ಞ, ಎರಡು ಎತ್ತು ಒಟ್ಟಿಗೆ ಗುಮ್ಮಿದ ಹುಲ್ಲಿನ ಕಟ್ಟಿನ ಹಾಗೆ, ಎಡಕ್ಕೆ ಜಾರಿ ಹಣ್ಣಿನ ಬುಟ್ಟಿಗೆ ಕಾಲು ಕೊಟ್ಟಳು. ಸೇಬುಗಳು ವೇದಿಕೆಯಿಂದ ಸಭಿಕರ ಕಡೆ ಉರುಳಿದವು. ಆ ಗದ್ದಲದಲ್ಲೇ ಅವಳು ಮನವಿ ಚಾಚಿ, "ಸಾರ್, ನಮ್ಮ ಸಂಜೆ..." ಎಂದಳು.

"ಟೈಮಿಲ್ಲ, ಟೈಮಿಲ್ಲ. ಕೊಟ್ಟು ಫೋಟೋ ತಗೊಳ್ಳಮ್ಮ," ಎಂದರು ಕುಲಪತಿಗಳ ಆಪ್ತ ಸಹಾಯಕರು. ಫ್ಲಾಷ್ ಮಿಂಚಿತು. ಮನವಿ ಹಾರಗಳ ಕೆಳಗೆ ಸೇರಿತು.

ಆಮೇಲೆ ಕುಲಪತಿಗಳು ಐವತ್ತು ನಿಮಿಷ ಮಾತಾಡಿದರು. ಬಹುಪಾಲು ತಮ್ಮ ಕಾಲುಗಳ ಬಗ್ಗೆ. "ನಾನು ದಿನಾ ಹನ್ನೆರಡು ಮೈಲಿ ನಡೆದು ಓದಿದವನು. ಹೋಗ್ತಾ ಆರು, ಬರ್ತಾ ಆರು. ನಡಿಗೆ ಮನುಷ್ಯನನ್ನು ಗಟ್ಟಿ ಮಾಡುತ್ತೆ." ಬಸ್ಸಿನ ಮಾತು ಬರಲಿಲ್ಲ. ಮೂರು ಗಂಟೆಯ ಪ್ರೈವೇಟ್ ಬಸ್ಸು ಹೊರಗೆ ಹಾರ್ನ್ ಹೊಡೆದು ಹೋದದ್ದು ಮಾತ್ರ ಎಲ್ಲರಿಗೂ ಕೇಳಿಸಿತು.

"ಕೊನೆಯದಾಗಿ ವಂದನಾರ್ಪಣೆ."

ಪ್ರಜ್ಞ ಮೈಕಿನ ಮುಂದೆ ನಿಂತಳು. ಈಗಲಾದರೂ ಕೇಳಿಬಿಡಬೇಕು ಅಂದುಕೊಂಡಳು. ತಲೆಯೆತ್ತಿದಳು. ನೂರಿಪ್ಪತ್ತು ತಲೆ, ಇನ್ನೂರ ನಲವತ್ತು ಕಣ್ಣು. ಬೆಳಗಿನ ಕಷಾಯವೆಲ್ಲ ಗಂಟಲಲ್ಲಿ ಮತ್ತೊಮ್ಮೆ ಕುದಿಯಿತು. ಕೈಯಲ್ಲಿ ಹಾಳೆಯಿತ್ತು, ಯಾರೋ ಬರೆದುಕೊಟ್ಟ ಮಾತು, ಓದಿದರೆ ಮುಗಿಯುತ್ತಿತ್ತು. ಓದಿದಳು.

"...ಹಾಗೂ ನಮ್ಮ ಬಹುದಿನದ ಬೇಡಿಕೆಯಾದ ಸಂಜೆ ಬಸ್ಸನ್ನು ಮಂಜೂರು ಮಾಡಿ, ಹೆಣ್ಣುಮಕ್ಕಳ ಕಣ್ಣೀರು ಒರೆಸಿದ ಮಾನ್ಯ ಕುಲಪತಿಗಳಿಗೆ ಹೃತ್ಪೂರ್ವಕ ವಂದನೆಗಳು."

ಸಭಾಂಗಣದ ತಗಡಿನ ಮಾಡು ಹಾರುವ ಹಾಗೆ ಚಪ್ಪಾಳೆ. ದಿಲೀಪ್ ಶಿಳ್ಳೆ ಹೊಡೆದ. ಕುಲಪತಿಗಳು ಮೊದಲು ಬೆರಗಾಗಿ, ಆಮೇಲೆ ಎಲ್ಲ ತಿಳಿದವರಂತೆ ನಕ್ಕು ಕೈಮುಗಿದರು. ಅವರು ಕೈಮುಗಿದದ್ದು ನೋಡಿ ಉಳಿದವರಿಗೆ ಇದ್ದ ಒಂದಿಷ್ಟು ಅನುಮಾನವೂ ಹೋಯಿತು.

ಕಾರಿನ ಬಳಿ ಆಪ್ತ ಸಹಾಯಕರು ಪ್ರಜ್ಞಳನ್ನು ಕರೆದರು. "ಬಸ್ಸು ಆಗಲೇ ಬಿಟ್ಟಿದ್ದಾರೆ ಅಂತ ನಮಗೇ ಗೊತ್ತಿರಲಿಲ್ಲ ನೋಡಮ್ಮ! ಸಾಹೇಬರಿಗೆ ಬಹಳ ಖುಷಿಯಾಯ್ತು." ಮನವಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಾಗಿತ್ತು: ಬೇಡಿಕೆ ಈಡೇರಿದೆ. ವಿದ್ಯಾರ್ಥಿ ಪ್ರತಿನಿಧಿಯೇ ಬಹಿರಂಗವಾಗಿ ವಂದಿಸಿದ್ದಾರೆ. ಕಡತ ಮುಕ್ತಾಯ.

"ಸಾರ್, ಇದು..."

"ಬೇಗ, ಇಲ್ಲೊಂದು ಸಹಿ. ಗಾಡಿ ಸ್ಟಾರ್ಟ್ ಆಗಿದೆ."

ಸಹಿ ಹಾಕಿದಳು. ಸಹಿಗೆ ಗಂಟಲು ಬೇಕಿರಲಿಲ್ಲ. ಕಾರು ಧೂಳೆಬ್ಬಿಸಿಕೊಂಡು ಹೋಯಿತು.

ರಘುನಂದನ್ ಸಾರ್ ಹೆಬ್ಬೆರಳೆತ್ತಿ ತೋರಿಸಿದರು. ಪುಟ್ಟತಾಯಮ್ಮ ಗೇಟಿನಲ್ಲಿ ನಿಂತು, "ನನ್ ಕಷಾಯ ಕಣ್ರವ್ವ ಅದು!" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ದಿಲೀಪನೂ ಕುಮಾರನೂ ಹೆಗಲ ಮೇಲೆ ಕೈ ಹಾಕಿಕೊಂಡು ಬಂದದ್ದು ಕೇಂದ್ರದ ಚರಿತ್ರೆಯಲ್ಲೇ ಮೊದಲು. "ಬಸ್ಸು ತಂದ ಪ್ರಜ್ಞಕ್ಕನಿಗೆ..." "ಜೈ!"

ಜೈಕಾರದ ನಡುವೆ ಅರ್ಪಿತ ಓಡಿ ಬಂದಳು. ಕಣ್ಣು ಒದ್ದೆ, ಕೈಯಲ್ಲಿ ಮೊಬೈಲು. "ಅಪ್ಪ ನಂಬ್ತಾನೇ ಇಲ್ಲ ಕಣೆ. ನೀನೇ ಹೇಳು. ನೀನು ಹೇಳಿದ್ರೆ ನಂಬ್ತಾರಂತೆ." ಸ್ಪೀಕರ್ ಒತ್ತಿದಳು.

ಆ ಕಡೆ ಹಸುವೊಂದು ಕೂಗಿತು. ಆಮೇಲೆ ದ್ಯಾವಯ್ಯನ ದನಿ. "ಅವ್ವಾ, ನೀನು ಮಾತೇ ಆಡಾಕಿಲ್ಲ, ಆದ್ರೆ ಆಡಿದ್ರೆ ಸುಳ್ಳು ಆಡಾಕಿಲ್ಲ ಅಂತಾಳೆ ನಮ್ಮುಡುಗಿ. ಸೋಮವಾರದಿಂದ ಬಸ್ಸು ಬತ್ತದಾ? ನೀನು ಊಂ ಅನ್ನು, ಇನ್ನು ನಾನು ಒಂದ್ ಮಾತೂ ಆಡಾಕಿಲ್ಲ. ಓದ್ಕಳ್ಲಿ ಮಗ."

ಊಂ ಅನ್ನುವುದು ಎಷ್ಟು ಸುಲಭ. ಬಾಯಿ ಕೂಡ ತೆರೆಯಬೇಕಿಲ್ಲ. ಸುತ್ತ ನಿಂತವರೆಲ್ಲ ನಗುತ್ತ ಕಾಯುತ್ತಿದ್ದರು. ಅರ್ಪಿತ ಅವಳ ಮುಂಗೈ ಹಿಡಿದಿದ್ದಳು. ಸೋಮವಾರ ಐದೂವರೆಗೆ ಗೇಟಿನಲ್ಲಿ ನಿಂತು ಅವಳು ರಸ್ತೆ ನೋಡುವುದು, ಆರಾಗುವುದು, ಕತ್ತಲಾಗುವುದು, ಎಲ್ಲ ಪ್ರಜ್ಞಳ ಕಣ್ಣ ಮುಂದೆ ಬಂತು.

ಅವಳು ಬಾಯಿ ತೆರೆದಳು. ದನಿ ಎಷ್ಟು ದೊಡ್ಡದಾಗಿ ಬಂತೆಂದರೆ ಗೇಟಿನಲ್ಲಿದ್ದ ಪುಟ್ಟತಾಯಮ್ಮನೂ ಮಾತು ನಿಲ್ಲಿಸಿ ತಿರುಗಿ ನೋಡಿದಳು.

"ಬಸ್ಸು ಬರಲ್ಲ ಅಂಕಲ್. ನಾನು ಕೇಳಲೇ ಇಲ್ಲ."