ತರುಣ್‌ಕಿಶೋರನ ತಲೆಗೂದಲು

ಮಗಳ ಹುಚ್ಚನ್ನು ಒಂದೇ ಸಂಜೆಯಲ್ಲಿ ಬಿಡಿಸುವ ಶಕ್ತಿ ಇಡೀ ಮುಂಬಯಿಯಲ್ಲಿ ನನಗೊಬ್ಬನಿಗೇ ಇದೆ ಎಂದು ಹೆಂಡತಿ ಸುಲಭಾಳ ಮುಂದೆ ಘೋಷಿಸಿದೆ. ಬರೀ ಜಂಬವಲ್ಲ. ಹದಿನೈದು ವರ್ಷದ ನಮ್ಮ ಶುಭದಾ, ನಟ ತರುಣ್‌ಕಿಶೋರನನ್ನು ಪ್ರೀತಿಸುತ್ತಿದ್ದಳು. ಗಣಿತದ ಪುಸ್ತಕದ ಅಂಚಿನಲ್ಲೆಲ್ಲ ‘ಸೌ. ಶುಭದಾ ತರುಣ್‌ಕಿಶೋರ್’ ಎಂದು ಬರೆದಿಟ್ಟಿದ್ದಳು. ಅವನು ಹಣೆಯ ಮೇಲಿನ ಕೂದಲನ್ನು ತೋರುಬೆರಳಿನಿಂದ ಸರಿಸಿದರೆ ಅರ್ಧ ದೇಶ ನಿಟ್ಟುಸಿರು ಬಿಡುತ್ತಿತ್ತು. ಆ ಕೂದಲನ್ನು ಸ್ಟುಡಿಯೋದ ಮೂಲೆಯಲ್ಲಿ ಕೂತು ಎಳೆ ಎಳೆಯಾಗಿ ಹೆಣೆದವನು ನಾನು. ಹನ್ನೊಂದು ವರ್ಷ ಈ ಗುಟ್ಟನ್ನು ಮನೆಯಲ್ಲೂ ಬಾಯಿಬಿಟ್ಟಿರಲಿಲ್ಲ.

ಭಾನುವಾರ ವಿಗ್ಗನ್ನು ತೊಳೆಯುವ ನೆಪದಲ್ಲಿ ಮನೆಗೆ ತಂದೆ. ತಾಮ್ರದ ಚೊಂಬನ್ನು ಬೋರಲು ಹಾಕಿ ಅದರ ಮೇಲೆ ಕೂರಿಸಿದೆ.

“ನೋಡಮ್ಮ, ನಿನ್ನ ರಾಜಕುಮಾರ. ಇದರ ಕೆಳಗಿರೋ ತಲೆ ಈ ಚೊಂಬಿನಷ್ಟೇ ನುಣ್ಣಗಿದೆ.”

“ಅಹೋ, ಅದು ನೀರು ಕುಡಿಯೋ ಚೊಂಬು,” ಎಂದಳು ಸುಲಭಾ.

ಶುಭದಾಳ ಕಣ್ಣು ತುಂಬಿತು. ಔಷಧ ಹತ್ತಿತು ಎಂದುಕೊಂಡೆ.

“ಪಾಪ ಅವರು, ಬಾಬಾ. ಇಷ್ಟು ವರ್ಷ ಒಬ್ಬರೇ ಈ ನೋವು ನುಂಗ್ಕೊಂಡಿದಾರೆ.”

“ನೋವಲ್ಲ ಕಣೇ, ಬೋಳು.”

“ನಿಮಗೆಲ್ಲಿ ಅರ್ಥ ಆಗತ್ತೆ? ನಿಮಗೆ ಕೂದಲಿದೆ.”

ಸೋಮವಾರ ಸಂಜೆ ಕೆಲಸದಿಂದ ಬಂದು ನೋಡಿದರೆ ವಿಗ್ಗಿನ ಮುಂಭಾಗ ಕುಯ್ಲಾದ ಹೊಲದಂತಿತ್ತು. ಮಗಳು ಅದನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಶಾಲೆಗೆ ಹೋಗಿದ್ದಳು.

“ವಿಗ್ ಅಂತ ಯಾರಿಗೂ ಹೇಳಲಿಲ್ಲ ಬಾಬಾ, ಅವರ ಮಾನ ಕಾಪಾಡಿದೀನಿ. ಅವರ ಕ್ಷೌರದ ಕೂದಲು ಅಂತ ಗೆಳತಿಯರಿಗೆ ಡೆಸ್ಕಿನ ಕೆಳಗೇ ಒಂದೊಂದೆಳೆ ಕಿತ್ತು ಕೊಟ್ಟೆ. ಆಮೇಲೆ ‘ಬಿ’ ವಿಭಾಗದವರೂ ಬಂದರು.”

“ನಿಮ್ಮ ಟೀಚರ್ ಕಣ್ಣು ಮುಚ್ಚಿಕೊಂಡಿದ್ದರೇನು?”

“ಅವರಿಗೆ ಮೂರೆಳೆ ಕೊಟ್ಟೆ.”

ಗುರುವಾರ ಹಾಡಿನ ಚಿತ್ರೀಕರಣ. ಹೊಂದುವ ಕೂದಲು ಸಿಗಲು ಹದಿನೈದು ದಿನವಾದರೂ ಬೇಕು. ನಾಯಕ ಬೋಳುತಲೆಯಲ್ಲಿ ನಿಂತರೆ ನಿರ್ಮಾಪಕ ನನ್ನನ್ನು ಅಂದೇ ಮನೆಗೆ ಕಳಿಸುತ್ತಾನೆ. ಬೈದೆ, ಕೂಗಾಡಿದೆ, ಕೊನೆಗೆ ನೆಲದ ಮೇಲೆ ಕುಸಿದು ಕೂತೆ. “ನಿಮ್ಮ ಚಿಕಿತ್ಸೆ ಮುಗೀತಾ?” ಎಂದು ಸುಲಭಾ ಚಹಾ ತಂದಿಟ್ಟಳು.

ಪರದೆಯ ಹಿಂದೆ ಕತ್ತರಿಯ ಸದ್ದಾಯಿತು. ಶುಭದಾ ಬಂದು ನನ್ನ ಮಡಿಲಲ್ಲಿ ತನ್ನ ಜಡೆಯನ್ನಿಟ್ಟಳು.

“ಬಣ್ಣ ಹೊಂದತ್ತೆ. ಬೆಳಕಿಗೆ ಹಿಡಿದು ನೋಡಿದೀನಿ.”

ಸುಲಭಾ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಬೈಯಲೆಂದು ಬಾಯಿ ತೆರೆದೆ. ಆದರೆ ಕಸುಬು ಕೇಳಬೇಕಲ್ಲ, ಕೈ ತಾನಾಗಿಯೇ ಎಳೆಯನ್ನು ಪಕ್ಕದಲ್ಲಿಟ್ಟು ನೋಡಿತು. ಹಾಳಾದ್ದು, ಹೇಳಿ ಮಾಡಿಸಿದಂತಿತ್ತು. ಎರಡು ದಿನ ರಜೆ ಹಾಕಿ, ಮಗಳ ಜಡೆಯನ್ನು ಪರಗಂಡಸಿನ ಹಣೆಗೆ ಹೆಣೆಯುತ್ತ ಕೂತೆ.

ಗುರುವಾರ ತರುಣ್‌ಕಿಶೋರ್ ಕನ್ನಡಿ ಮುಂದೆ ತೋರುಬೆರಳಾಡಿಸಿ ನಕ್ಕ.

“ದತ್ತೋಬಾ, ಇಂಥ ಕೂದಲು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ? ಇನ್ನು ಮೇಲೆ ಇದನ್ನೇ ತರಿಸು.”

“ಅದು ಬೆಳೀಬೇಕು ಸಾಹೇಬ,” ಎಂದೆ.

ಮನೆಗೆ ಬಂದು ಇದನ್ನು ಹೇಳಿದೆ. ಕುತ್ತಿಗೆಯವರೆಗೆ ಮೋಟುಗೂದಲಿನ ಶುಭದಾ ಸ್ವರ್ಗಕ್ಕೆ ಮೂರೇ ಗೇಣು ಎಂಬಂತೆ ಒಳಗೆ ಹಾಡಿಕೊಳ್ಳತೊಡಗಿದಳು. ನಾನು ತಲೆ ತಗ್ಗಿಸಿದೆ.

“ಬೇಜಾರು ಮಾಡ್ಕೋಬೇಡಿ,” ಎಂದಳು ಸುಲಭಾ, ತಟ್ಟೆಗೆ ಭಾಕರಿ ಹಾಕುತ್ತ. “ಮಗಳ ತಲೆಯಿಂದ ಹುಚ್ಚು ಇಳಿಸ್ತೀನಿ ಅಂದಿದ್ರಿ, ಜಡೆ ಇಳಿಸಿದ್ರಿ. ಅವನ ತಲೆ ಮೇಲೆ ಕೂರಿಸಿದ್ರಿ, ಅಷ್ಟೇ.”